ನೈಸ್ ಅಂದರೆ ದಡ್ಡನೇ?

‘ನೈಸ್ ಪದದ ನಿಜವಾದ ಅರ್ಥ ದಡ್ಡ, ಯಾರಾದರೂ ನಿಮ್ಮನ್ನು ನೈಸ್ ಅಂದರೆ ಹಿಗ್ಗಬೇಡಿ’ ಎಂಬ ಜಾಣನುಡಿ ಮೊಬೈಲುಗಳಲ್ಲಿ ಆಗಾಗ ಓಡಾಡುತ್ತಿರುತ್ತದೆ. ಮಾಹಿತಿಯೇನೋ ಸರಿ. ‘ಏನೂ ಅರಿಯದವ’ ಎಂಬರ್ಥದ ಲ್ಯಾಟಿನ್ನಿನ ‘ನೆಸ್ಕಿಯಸ್’ ಫ್ರೆಂಚಿನ ಮೂಲಕ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ಅದು ಬೈಗುಳವೇ ಆಗಿತ್ತು. ತಪ್ಪಿರುವುದು ‘ನಿಜವಾದ’ ಎಂಬ ಮಾತಿನಲ್ಲಿ. ಹಳೆಯ ಅರ್ಥವೇ ನಿಜವಾದ ಅರ್ಥ ಎನ್ನುವುದಾದರೆ, ಕೊಲೆಗಾರನಿಗೆ ಜೀವಾವಧಿ ಶಿಕ್ಷೆ ವಿಧಿಸಿದ ನ್ಯಾಯಾಧೀಶರು ಅವನನ್ನು ಆಜೀವ ಓದಲು ಕಳಿಸಿದರು ಅನ್ನಬೇಕಾಗುತ್ತದೆ. ಸಂಸ್ಕೃತದಲ್ಲಿ ಶಿಕ್ಷೆ ಎಂದರೆ ಕಲಿಕೆ ತಾನೇ?

ದಡ್ಡನಾಗಿದ್ದ ನೈಸ್ ಮುಂದೆ ಎಲ್ಲದಕ್ಕೂ ಮೂಗು ಮುರಿಯುವ ಅತಿ ನಾಜೂಕಿನವನಾಯಿತು. ನಾಜೂಕಿನಿಂದ ಸೂಕ್ಷ್ಮ, ಕರಾರುವಾಕ್ಕು ಎಂಬ ಅರ್ಥಗಳು ಹುಟ್ಟಿದವು. 18ನೇ ಶತಮಾನದಲ್ಲಿ ‘ಹಿತವಾದದ್ದು’ ಎಂಬ ಅರ್ಥ ಬೇರೂರಿತು. ಜೇನ್ ಆಸ್ಟಿನ್ ತೀರಿಕೊಂಡ ಮೇಲೆ, 1817ರ ಕೊನೆಗೆ ಪ್ರಕಟವಾದ ಅವರ ಕಾದಂಬರಿ ‘ನಾರ್ತ್ಯಾಂಗರ್ ಅಬ್ಬೆ’ಯಲ್ಲಿ ನಾಯಕ ಹೆನ್ರಿ ಟಿಲ್ನಿ ಈ ಪದವನ್ನೇ ಹಿಡಿದು ನಾಯಕಿ ಕ್ಯಾಥರೀನಳನ್ನು ಗೇಲಿ ಮಾಡುತ್ತಾನೆ. ಪುಸ್ತಕವೂ ನೈಸ್, ದಿನವೂ ನೈಸ್, ವಾಕಿಂಗೂ ನೈಸ್. ಮೊದಲು ಇದು ಅಚ್ಚುಕಟ್ಟು, ನಯ, ಸಂಸ್ಕಾರಗಳಿಗಷ್ಟೇ ಸಲ್ಲುತ್ತಿತ್ತೇನೋ ಎನ್ನುವುದು ಅವನ ತಕರಾರು. ತಮಾಷೆಯೆಂದರೆ ಟಿಲ್ನಿ ‘ಮೊದಲು’ ಅಂದುಕೊಂಡದ್ದು ಮೊದಲಿನದ್ದಲ್ಲ, ನಡುವಿನದ್ದು. ಮೂಲಾರ್ಥದ ಭಕ್ತರೆಲ್ಲ ಮಾಡುವುದು ಇದನ್ನೇ: ಚರಿತ್ರೆಯಲ್ಲಿ ತಮಗೆ ಅನುಕೂಲವಾದ ಕಡೆ ಇಳಿದು, ಅದೇ ಕೊನೆಯ ನಿಲ್ದಾಣ ಅನ್ನುತ್ತಾರೆ.

ನಮ್ಮ ಅಡುಗೆಮನೆಗೆ ಬಂದರೆ ಇನ್ನೊಂದು ಸೊಗಸು. ‘ದೋಸೆಗೆ ನೈಸಾಗಿ ರುಬ್ಬು, ಇಡ್ಲಿಗೆ ಅಕ್ಕಿ ತರಿತರಿ ಇರಲಿ’ ಎನ್ನುವ ಅಮ್ಮ ದೋಸೆ ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ ನೋಡುತ್ತಾಳೆ. ತರಿ ಸಿಕ್ಕರೆ ಇನ್ನೊಂದು ಸುತ್ತು ತಿರುಗಿಸುತ್ತಾಳೆ. ಹೊರಗೆ ಬಂದರೆ ಸಾಲ ತೀರಿಸಬೇಕಾದವನು ‘ನೈಸಾಗಿ’ ಜಾರಿಕೊಳ್ಳುತ್ತಾನೆ, ಕೆಲಸ ಆಗಬೇಕಾದವನು ಸಾಹೇಬರನ್ನು ‘ನೈಸ್ ಮಾಡುತ್ತಾನೆ’. ಲಂಡನ್ನಿನವನಿಗೆ ಇದರಲ್ಲಿ ಒಂದೂ ತಿಳಿಯಲಿಕ್ಕಿಲ್ಲ. ನಮ್ಮ ‘ನಯ’ವೇ ಆ ಪದವನ್ನು ತನ್ನತ್ತ ಎಳೆದುಕೊಂಡಿತೇನೋ ಎಂಬುದು ನನ್ನ ಊಹೆ. ಹೇಗೇ ಬಂದಿರಲಿ, ಇದು ತಪ್ಪು ಇಂಗ್ಲಿಷ್ ಅಲ್ಲ, ಸರಿಯಾದ ಕನ್ನಡ.

ಒಂದು ಆಕ್ಷೇಪಕ್ಕೆ ಮಾತ್ರ ನಾನು ಕಿವಿಗೊಡುತ್ತೇನೆ. ಎಲ್ಲಕ್ಕೂ ಒಂದೇ ಪದ ಬಳಸಿದರೆ ಅದು ಸವೆದು ಏನನ್ನೂ ಹೇಳದಂತಾಗುತ್ತದೆ ಎಂಬ ಟಿಲ್ನಿಯ ಅಸಮಾಧಾನದಲ್ಲಿ ಹುರುಳಿದೆ. ‘ಸೂಕ್ಷ್ಮ’ ಎಂಬ ಹಳೆಯ ಅರ್ಥ ಇವತ್ತು ಇಂಗ್ಲಿಷಿನ ಕೆಲವೇ ನುಡಿಗಟ್ಟುಗಳಲ್ಲಿ ಉಳಿದಿದೆ, ಅದು ನಷ್ಟವೇ. ಆದರೆ ಆ ನಷ್ಟಕ್ಕೆ ಪದವನ್ನು ಹೊಣೆ ಮಾಡಲಾಗದು. ಕವಿತೆ ಓದಿ ‘ನೈಸ್’ ಎಂದಷ್ಟೇ ಹೇಳಿ ಎದ್ದುಹೋಗುವವನಿಗೆ ಲ್ಯಾಟಿನ್ ಪಾಠ ಹೇಳಿ ಉಪಯೋಗವಿಲ್ಲ. ಯಾವ ಸಾಲು ಹಿಡಿಸಿತು, ಯಾಕೆ ಹಿಡಿಸಿತು ಎಂದು ಕೇಳಬೇಕು.

ಹಾಗೆಂದು ಯಾರು ಯಾವ ಪದಕ್ಕೆ ಏನು ಅರ್ಥ ಬೇಕಾದರೂ ಹಚ್ಚಬಹುದು ಎಂದಲ್ಲ. ನಾನೊಬ್ಬ ನಾಳೆಯಿಂದ ನೈಸ್ ಅಂದರೆ ಹುಳಿ ಎಂದರೆ ನನಗೆ ಮಜ್ಜಿಗೆಯೂ ಸಿಗದು. ಅರ್ಥ ಬದಲಾಗಬೇಕಾದರೆ ಆಡುವವರೂ ಕೇಳುವವರೂ ಸೇರಿ ಒಪ್ಪಬೇಕು. ಆಮೇಲೆ ನಿಘಂಟುಕಾರ ಅದನ್ನು ಬರೆದುಕೊಳ್ಳುತ್ತಾನೆ. ಪದದ ಹುಟ್ಟೂರು ತಿಳಿಯುವುದು ಖುಷಿಯ ವಿಷಯ. ಆದರೆ ಆ ತಿಳಿವಳಿಕೆಯಿಂದ, ಇವತ್ತು ಆ ಪದವನ್ನು ಆಡುವವರ ಬಾಯಿ ಮುಚ್ಚಿಸುವ ಅಧಿಕಾರ ಯಾರಿಗೂ ಬರುವುದಿಲ್ಲ.