ಚೆನ್ನೆಮಣೆ ಅಟ್ಟ ಸೇರುತ್ತಿತ್ತು, ಮೊಬೈಲ್ ಸೇರುವುದೆಲ್ಲಿಗೆ?

ಕಲ್ಯಾಣಪುರ: ಸಂಜೆ ಐದೂವರೆಯ ಹೊತ್ತು. ಸಂತೆಕಟ್ಟೆಯಲ್ಲಿ ಬಸ್ಸಿಗೆ ಕಾಯುವವರ ಗುಂಪು. ಹಿಂದೆಲ್ಲ ಶಾಲೆ ಬಿಟ್ಟ ಹುಡುಗರು ಬಸ್‌ಸ್ಟಾಪಿಗೆ ಬಂದರೆಂದರೆ ಪಕ್ಕದವರಿಗೆ ನಿಲ್ಲಲು ಜಾಗವಿರುತ್ತಿರಲಿಲ್ಲ. ಬ್ಯಾಗಿನಲ್ಲಿ ಹೊಡೆದಾಟ, ಕೊಡೆಯಲ್ಲಿ ಕತ್ತಿವರಸೆ, ಕಂಡಕ್ಟರನ ಬೈಗುಳ. ಈಗ ಬಲು ಶಾಂತಿ. ನಾಲ್ಕು ತಲೆಗಳು ಒಂದೇ ಮೊಬೈಲಿನ ಮೇಲೆ ಬಾಗಿರುತ್ತವೆ. ಬಸ್ಸು ಬಂತು, ಹೋಯಿತು. ಹುಡುಗರು ಅಲ್ಲೇ! "ಇದೊಂದು ಮ್ಯಾಚ್ ಮುಗೀಲಿ ಮಾರಾಯ, ಇನ್ನೊಂದು ಬಸ್ ಉಂಟಲ್ಲ..."

ಪಕ್ಕದ ಅಂಗಡಿಗಳಲ್ಲೂ ಇದೇ ಕತೆ. ಗಿರಾಕಿಗಳ ಗಡಿಬಿಡಿ. ಶಾಲೆಯಿಂದ ಬಂದ ಮಗ ಗೋಣಿಚೀಲದ ಮೇಲೆ ಕೂತು ಸದ್ದಿಲ್ಲದೆ ಬೆರಳಾಡಿಸುತ್ತಿರುತ್ತಾನೆ. "ಏನು, ಸಣ್ಣವನ ಗಲಾಟೆಯೇ ಇಲ್ಲ?" ಎಂದು ಗಿರಾಕಿ ಕೇಳಿದರೆ, "ಮೊಬೈಲ್ ಕೊಟ್ಟಿದ್ದೇನೆ ಮಾರಾಯ್ರೇ, ಇನ್ನು ಎರಡು ಗಂಟೆ ತಂಟೆಯಿಲ್ಲ" ಎನ್ನುವ ಉತ್ತರ ಬರುತ್ತದೆ.

ಅದೇ ಮಗ ರಾತ್ರಿ ಹತ್ತಕ್ಕೆ ಮೊಬೈಲ್ ಕಸಿದಾಗ ಬಟ್ಟಲು ಎಸೆಯುತ್ತಾನೆ. ಆಗ ಮನೆಯವರೆಲ್ಲ ಸೇರಿ ಗೇಮಿಗೆ ಶಾಪ ಹಾಕುತ್ತಾರೆ. ಸಂಜೆ ಐದೂವರೆಗೆ ಅದನ್ನು ಕೈಗೆ ಕೊಟ್ಟವರು ಯಾರೆಂದು ಮಾತ್ರ ಯಾರಿಗೂ ನೆನಪಿರುವುದಿಲ್ಲ!

ಹೊಳೆಯ ಬದಿಯ ಗಾಳ

ಈ ಗೇಮುಗಳು ಮಿದುಳಿಗೆ ಮಾಡುವುದಾದರೂ ಏನು? ಸ್ವರ್ಣಾ ಹೊಳೆಯ ಬದಿಯಲ್ಲಿ ಗಾಳ ಹಾಕಿ ಕೂತವನನ್ನು ನೋಡಿದರೆ ಅರ್ಧ ತಿಳಿಯುತ್ತದೆ. ಗಾಳ ಹಾಕಿದಾಗಲೆಲ್ಲ ಮೀನು ಸಿಗುವಂತಿದ್ದರೆ ಆತ ನಾಲ್ಕು ಮೀನು ಹಿಡಿದು ಮನೆಗೆ ಹೋಗುತ್ತಿದ್ದ. ಒಂದೂ ಸಿಗುವುದಿಲ್ಲ ಎಂದಾದರೆ ಬೇಗ ಏಳುತ್ತಿದ್ದ. ಈಗ ಕಚ್ಚೀತು, ಇನ್ನೊಂದು ಗಳಿಗೆಗೆ ಕಚ್ಚೀತು ಎಂಬ ಆಸೆಯೇ ಅವನನ್ನು ಕತ್ತಲಾಗುವವರೆಗೆ ಕೂರಿಸುತ್ತದೆ. ಗೇಮು ಮಾಡುವ ಕಂಪೆನಿಗಳಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಬಹುಮಾನದ ಪೆಟ್ಟಿಗೆ ಯಾವಾಗ ತೆರೆಯುತ್ತದೆ, ಅದರೊಳಗೆ ಏನಿದೆ ಎಂಬುದನ್ನು ಮೊದಲೇ ಹೇಳುವುದಿಲ್ಲ. ಅಲ್ಲಿ ಹುಡುಗ ಗಾಳ ಹಾಕಿದವನಲ್ಲ, ಕಚ್ಚಿದ ಮೀನು.

1998ರಲ್ಲಿ ಲಂಡನ್ನಿನ ವಿಜ್ಞಾನಿಗಳು ಎಂಟು ಮಂದಿ ಗಂಡಸರಿಗೆ ಟ್ಯಾಂಕ್ ಓಡಿಸುವ ವೀಡಿಯೊ ಗೇಮ್ ಕೊಟ್ಟು, ಆಡುತ್ತಿರುವಾಗಲೇ ಅವರ ಮಿದುಳನ್ನು ಯಂತ್ರದಲ್ಲಿ ಪರೀಕ್ಷಿಸಿದರು. ಡೋಪಮೈನ್ ಎಂಬ ರಾಸಾಯನಿಕ ಹೆಚ್ಚಾಗಿ ಒಸರುವುದು ಕಂಡಿತು. ಇದರಲ್ಲಿ ಹೌಹಾರುವಂಥದ್ದೇನೂ ಇಲ್ಲ. ರುಚಿಯಾದ ಊಟಕ್ಕೂ, ಗೆದ್ದ ಕಬಡ್ಡಿಗೂ ಅದು ಒಸರುತ್ತದೆ. "ಇದು ಚೆನ್ನಾಗಿದೆ, ಮತ್ತೊಮ್ಮೆ ಮಾಡು" ಎಂದು ಮಿದುಳು ತನಗೆ ತಾನೇ ಹೇಳಿಕೊಳ್ಳುವ ಬಗೆ ಅದು. ಆದರೆ ಕಬಡ್ಡಿಯಲ್ಲಿ ಕಾಲು ಸೋಲುತ್ತದೆ, ಕತ್ತಲಾಗುತ್ತದೆ, ಜೊತೆಗಾರರು ಮನೆಗೆ ಹೋಗುತ್ತಾರೆ. ಮೊಬೈಲಿನಲ್ಲಿ ಕತ್ತಲೆಯೇ ಆಗುವುದಿಲ್ಲ!

"ಸಾಕು, ಏಳು" ಎಂದು ಹೇಳಬೇಕಾದದ್ದು ಹಣೆಯ ಹಿಂದಿರುವ ಮಿದುಳಿನ ಭಾಗ. ಅದು ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸಿನ ವಯಸ್ಸು ಬೇಕು. ಅಂದರೆ ಹನ್ನೆರಡರ ಪೋರನಲ್ಲಿ ಎಂಜಿನ್ ಜೋರಾಗಿದೆ, ಬ್ರೇಕ್ ಇನ್ನೂ ಕೂಡಿಸಿಲ್ಲ. ಅಂಥ ಬಸ್ಸನ್ನು ಕಲ್ಯಾಣಪುರದ ಸೇತುವೆ ದಾಟಿಸಲು ಯಾವ ಡ್ರೈವರ್ ಒಪ್ಪಿಯಾನು?

ಗೇಮಿಗೂ ನ್ಯಾಯ ಬೇಕು

ಹಾಗೆಂದು ಗೇಮು ಎಂದರೆ ಬರೀ ವಿಷ ಎನ್ನುವುದೂ ಸರಿಯಲ್ಲ. ಚುರುಕಿನ ಗೇಮ್ ಆಡುವವರ ದೃಷ್ಟಿಯ ಗಮನ ಹೆಚ್ಚು ಹರಿತವಾಗಿರುತ್ತದೆ ಎಂದು 2003ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದರು. ಸಣ್ಣ ತೂತು ಮಾಡಿ ಕ್ಯಾಮರಾ ನೋಡುತ್ತ ಆಪರೇಶನ್ ಮಾಡುವ ಡಾಕ್ಟರರ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಬಂತು. ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ವೀಡಿಯೊ ಗೇಮ್ ಆಡಿ ರೂಢಿಯಿದ್ದವರು ಅಭ್ಯಾಸದ ಕಸರತ್ತುಗಳಲ್ಲಿ ಶೇಕಡಾ 37ರಷ್ಟು ಕಡಿಮೆ ತಪ್ಪು ಮಾಡಿದ್ದರು. ಆದರೆ ಲೆಕ್ಕ ನೋಡಿ: ವಾರಕ್ಕೆ ಮೂರು ಗಂಟೆ. ಊರಿನ ಕೆಲವು ಹುಡುಗರು ಅದನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತಾರೆ.

ಇನ್ನು ಹೊಡೆದಾಟದ ಗೇಮು ಆಡಿದವನು ಕೊಲೆಗಾರನಾಗುತ್ತಾನೆಯೇ? 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಬಳಿಯ ಕಾಕತಿಯಲ್ಲಿ ಮೊಬೈಲ್ ಗೇಮಿಗೆ ಅಡ್ಡಿಪಡಿಸಿದ ತಂದೆಯನ್ನು ಮಗನೇ ಕೊಂದ ಸುದ್ದಿ ಬಂತು. 2021ರ ಏಪ್ರಿಲ್‌ನಲ್ಲಿ ಉಳ್ಳಾಲದ ಕಡೆ ಗೇಮಿನ ಜಗಳ ಒಬ್ಬ ಬಾಲಕನ ಸಾವಿನಲ್ಲಿ ಮುಗಿಯಿತು. ಎರಡೂ ಸಲ ಬಸ್ಸುಗಳಲ್ಲಿ ವಾರಗಟ್ಟಲೆ ಅದೇ ಮಾತು. "ಗೇಮಿನಿಂದಲೇ ಆದದ್ದು" ಎಂದು ಎಲ್ಲರೂ ತೀರ್ಪು ಕೊಟ್ಟರು. ಆದರೆ ಲಕ್ಷಾಂತರ ಮಕ್ಕಳು ಅದೇ ಗೇಮು ಆಡಿ, ಬೈಗುಳ ತಿಂದು, ಮಲಗಿ, ಮರುದಿನ ಶಾಲೆಗೆ ಹೋಗುತ್ತಾರಲ್ಲ? 2019ರಲ್ಲೇ ಆಕ್ಸ್‌ಫರ್ಡ್‌ನವರು ಸಾವಿರದಷ್ಟು ಬ್ರಿಟಿಷ್ ಹದಿಹರೆಯದವರನ್ನು ಪರೀಕ್ಷಿಸಿದಾಗ ಹೊಡೆದಾಟದ ಗೇಮಿಗೂ ನಡತೆಯ ಒರಟುತನಕ್ಕೂ ಸಂಬಂಧ ಕಾಣಲಿಲ್ಲ. ಕೊಲೆಯ ಸುದ್ದಿಗೆ ಬೆಚ್ಚಿಬೀಳುವ ತಂದೆತಾಯಿಗೆ ಮನೆಯೊಳಗೆ ದಿನಾ ಆಗುತ್ತಿರುವ ನಷ್ಟ ಕಾಣುವುದಿಲ್ಲ. ಸಂಕಟ ಇರುವುದು ಅಲ್ಲಿ.

ನಷ್ಟ ಯಾವುದು? ಮೊದಲನೆಯದು ನಿದ್ದೆ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ರಾತ್ರಿ ಒಂದರವರೆಗೆ ಚಾದರದೊಳಗೆ ಆಡಿದವನಿಗೆ ಬೆಳಿಗ್ಗೆ ಮೇಷ್ಟ್ರು ಹೇಳಿದ್ದು ತಲೆಗೆ ಹೋಗುವುದಿಲ್ಲ, ಸಣ್ಣ ಮಾತಿಗೂ ಸಿಡುಕುತ್ತಾನೆ. ಆ ಸಿಡುಕಿನಲ್ಲಿ ನಿದ್ದೆಗೇಡಿನ ಪಾಲೂ ದೊಡ್ಡದು.

ಎರಡನೆಯದು ದುಡ್ಡು. ಚಿಲ್ಲರೆ ಐದು ರೂಪಾಯಿ ತಪ್ಪಿದರೆ ರಾತ್ರಿಯೆಲ್ಲ ಲೆಕ್ಕ ಹಾಕುವ ಅಂಗಡಿಯವರು, ಬ್ಯಾಂಕ್ ಖಾತೆ ಜೋಡಿಸಿದ ಮೊಬೈಲನ್ನು ನಿಶ್ಚಿಂತೆಯಿಂದ ಮಗನಿಗೆ ಕೊಡುತ್ತಾರೆ. ಪಿನ್ ನಂಬರು ಮಗನಿಗೆ ಬಾಯಿಪಾಠ! ಗಲ್ಲಾಪೆಟ್ಟಿಗೆಯ ಬೀಗದಕೈ ಕೊಟ್ಟು "ಆಡಿಕೊ" ಎಂದಂತೆ ಆಗಲಿಲ್ಲವೇ? ಆಟದೊಳಗಿನ ಬಂದೂಕು, ಬಟ್ಟೆ, ಪೆಟ್ಟಿಗೆ ಎಲ್ಲಕ್ಕೂ ಬೆಲೆಯುಂಟು. ತಿಂಗಳ ಕೊನೆಗೆ ಸ್ಟೇಟ್‌ಮೆಂಟ್ ನೋಡಿ ಎದೆ ಬಡಿದುಕೊಂಡರೆ ಹೋದದ್ದು ಬರುತ್ತದೆಯೇ?

ಸಿರಿಯ ಕತೆ, ಅಜ್ಜಿಯ ಕಾನೂನು

ಆಟದ ಹುಚ್ಚು ಈ ಊರಿಗೆ ಹೊಸದಲ್ಲ. ಕಾರ್ಕಳ ಕಡೆಯ ನಂದಳಿಕೆಯ ಸಿರಿ ಜಾತ್ರೆಗೆ ಹೋಗಿಬಂದವರಿಗೆ ಅಬ್ಬಗ-ದಾರಗರ ಕತೆ ಗೊತ್ತು. ಸಿರಿಯ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳು ಇವರು. ಅಕ್ಕತಂಗಿಯರು ಚೆನ್ನೆಮಣೆ ಆಡಲು ಕೂತರು. ಸೋಲು-ಗೆಲುವಿನ ಮಾತಿಗೆ ಮಾತು ಬೆಳೆಯಿತು, ಸಿಟ್ಟು ನೆತ್ತಿಗೇರಿತು. ಒಬ್ಬಳು ಅದೇ ಮಣೆಯಿಂದ ಹೊಡೆದಳು, ಇನ್ನೊಬ್ಬಳು ಸತ್ತಳು. ಹೊಡೆದವಳೂ ಬಾವಿಗೆ ಹಾರಿದಳು. ಕರೆಂಟು, ಮೊಬೈಲು ಒಂದೂ ಇಲ್ಲದ ಕಾಲದ ಕತೆ ಇದು. ಹದಿನಾಲ್ಕು ಗುಳಿಯ ಮರದ ಮಣೆ, ನಾಲ್ಕು ಹಿಡಿ ಕಾಯಿ, ಅಷ್ಟೇ!

ಈ ಕತೆ ಕೇಳಿದ ತುಳುನಾಡಿನ ಹಿರಿಯರು ಚೆನ್ನೆಮಣೆಯನ್ನು ಒಲೆಗೆ ಹಾಕಲಿಲ್ಲ. ಬೇಲಿ ಹಾಕಿದರು. ಆಟಿ ತಿಂಗಳಲ್ಲಿ ಮಾತ್ರ ಆಡಬೇಕು. ಜಡಿಮಳೆ, ಗದ್ದೆ ಕೆಲಸ ಕಡಿಮೆ, ಆಗ ಆಡಿಕೊಳ್ಳಿ. ಒಡಹುಟ್ಟಿದವರು ಎದುರುಬದುರು ಕೂತು ಆಡಬಾರದು. ಆಟಿ ಮುಗಿದರೆ ಮಣೆ ಅಟ್ಟಕ್ಕೆ. ಮನಶ್ಶಾಸ್ತ್ರದ ಪುಸ್ತಕ ಓದದ ಅಜ್ಜಿಯರಿಗೆ ಎರಡು ಸಂಗತಿ ತಿಳಿದಿತ್ತು: ಆಟ ಬೇಕು, ಆಟಕ್ಕೆ ಹೊತ್ತುಗೊತ್ತೂ ಬೇಕು.

ಸರಕಾರದ ಬೇಲಿ, ಮನೆಯ ಬೇಲಿ

"ಸರಕಾರ ಬಂದ್ ಮಾಡಲಿ" ಎನ್ನುವವರುಂಟು. ಮಾಡಿ ನೋಡಿದ್ದಾಯಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ಪಬ್‌ಜಿ ನಿಷೇಧಿಸಿತು. ಹುಡುಗರು ಬೇರೆ ಗೇಮು ಹಿಡಿದರು. 2021ರ ಜುಲೈಯಲ್ಲಿ ಅದೇ ಕೊರಿಯಾ ಕಂಪೆನಿ ಭಾರತದ ಹೆಸರು ಅಂಟಿಸಿ ಹೊಸ ಗೇಮು ತಂತು. ದಕ್ಷಿಣ ಕೊರಿಯಾ 2011ರಲ್ಲಿ, ಹದಿನಾರರ ಒಳಗಿನವರು ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಗೇಮ್ ಆಡಕೂಡದೆಂದು ಕಾನೂನು ಮಾಡಿ, ಹತ್ತು ವರ್ಷ ನೋಡಿ, ಕೈಬಿಟ್ಟಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳ ಮೇಲೆ ನಿಷೇಧದ ಕಾಯ್ದೆ ತಂದಿತು. ಅದು ಬೇಕಾದದ್ದೇ. ಆದರೆ ಮಗನ ಕೈಯಿಂದ ರಾತ್ರಿ ಹತ್ತಕ್ಕೆ ಮೊಬೈಲ್ ತೆಗೆದಿಡಲು ದೆಹಲಿಯಿಂದ ಯಾರೂ ಕಲ್ಯಾಣಪುರಕ್ಕೆ ಬರುವುದಿಲ್ಲ.

ಬೇಲಿ ಮನೆಯವರೇ ಹಾಕಬೇಕು. ಆಟ ನಡೆಯುತ್ತಿರುವಾಗ ಕಸಿಯುವುದು ಬೇಲಿಯಲ್ಲ, ಅದು ಜಗಳ. ಎಷ್ಟು ಹೊತ್ತು ಎಂಬುದನ್ನು ಕೊಡುವ ಮೊದಲೇ ಹೇಳಬೇಕು. "ಅರ್ಧ ಗಂಟೆ, ಈ ಮ್ಯಾಚ್ ಮುಗಿದ ಮೇಲೆ ಇಲ್ಲ" ಎಂದರೆ ಇಲ್ಲ. ಇವತ್ತು ಇಲ್ಲ, ನಾಳೆ ಅತ್ತನೆಂದು ಉಂಟು ಎಂದಾದರೆ, ಅದೂ ಗಾಳವೇ! ರಾತ್ರಿ ಎಲ್ಲರ ಮೊಬೈಲೂ ಚಾವಡಿಯಲ್ಲಿ ಚಾರ್ಜಿಗೆ ಬೀಳಲಿ, ಮಲಗುವ ಕೋಣೆಗೆ ಬೇಡ. ಅಂಗಡಿಯ ವ್ಯವಹಾರದ ಮೊಬೈಲ್ ಮಗುವಿನ ಕೈಗೆ ಬೇಡವೇ ಬೇಡ.

ಮೊಬೈಲ್ ಕಸಿದ ಮೇಲೆ ಹುಡುಗ ಹೋಗಬೇಕಾದರೂ ಎಲ್ಲಿಗೆ? ಸುಗ್ಗಿ ಕಟಾವಾದ ಗದ್ದೆಗಳಲ್ಲಿ ಹಿಂದೆ ಕ್ರಿಕೆಟ್ ನಡೆಯುತ್ತಿತ್ತು. ಅಂಥ ಗದ್ದೆ ಎಷ್ಟೋ ಕಡೆ ಸೈಟಾಗಿ ಕಂಪೌಂಡು ಎದ್ದಿದೆ. ಊರಿನ ಶಾಲೆಗಳ ಮೈದಾನ ಸಂಜೆ ಆರೂವರೆಯವರೆಗೆ ಊರಿನ ಮಕ್ಕಳಿಗೆ ತೆರೆದಿರಲಿ. ಯುವಕ ಮಂಡಲದವರು ವರ್ಷಕ್ಕೊಂದು ಟೂರ್ನಮೆಂಟಿಗೆ ಪೆಂಡಾಲು ಹಾಕುವ ಖರ್ಚಿನಲ್ಲಿ ದಿನಾ ಆಡಲು ನಾಲ್ಕು ಚೆಂಡು, ಒಂದು ನೆಟ್ಟು ಕೊಡಲಿ. ಪಂಚಾಯತು ಒಂದು ದೀಪ ಹಾಕಲಿ. ಇದಕ್ಕೆಲ್ಲ ಲಕ್ಷಗಟ್ಟಲೆ ಬೇಕೇ?

ಕೈಮೀರಿದ್ದರೆ ಅದೂ ನಾಚಿಕೆಯ ವಿಷಯವಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಊಟ-ಓದಿಗಿಂತ ಆಟವೇ ಮೇಲಾಗುವುದು, ಕೆಡುಕಾಗುತ್ತಿದ್ದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ವರ್ಷಕಾಲ ಮುಂದುವರಿದರೆ ಅದನ್ನು ಕಾಯಿಲೆಯೆಂದೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿತು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ ಪ್ರತ್ಯೇಕ ಕ್ಲಿನಿಕ್ ತೆರೆದಿದೆ. ಅಷ್ಟು ದೂರ ಹೋಗಲೂ ಬೇಡ. ಮಣಿಪಾಲ, ಉಡುಪಿಯ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. 14416 ನಂಬರಿಗೆ ಫೋನ್ ಮಾಡಿದರೆ ಸರಕಾರದ ಟೆಲಿಮಾನಸ್‌ನವರು ಬಿಟ್ಟಿಯಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಗೊಂದು ಮಾತು. ಆಟಿ ಮುಗಿದ ದಿನ ಚೆನ್ನೆಮಣೆ ಅಟ್ಟಕ್ಕೆ ಹಾಕಲು ಸರಕಾರಿ ಆದೇಶ ಬೇಕಾಗಿರಲಿಲ್ಲ, ಅಜ್ಜಿ ಹೇಳಿದರೆ ಸಾಕಿತ್ತು. ಅಜ್ಜಿಯ ಮಾತು ನಡೆಯುತ್ತಿದ್ದದ್ದೇಕೆ? ಮಕ್ಕಳ ಮಣೆ ಅಟ್ಟಕ್ಕೆ ಹಾಕಿಸಿ ಆಕೆ ಇನ್ನೊಂದು ಮಣೆ ಹಿಡಿದು ಕೂರುತ್ತಿರಲಿಲ್ಲ. ಮಗನ ಕೈಯಿಂದ ಮೊಬೈಲ್ ಕಸಿದು, ಅದೇ ಕೈಯಲ್ಲಿ ರೀಲ್ಸ್ ನೋಡುತ್ತ ಊಟಕ್ಕೆ ಕೂರುವ ಅಪ್ಪಂದಿರು ಇದನ್ನು ಬಸ್ಸಿನಲ್ಲಿ ಮನೆಗೆ ಹೋಗುವಾಗ ಒಮ್ಮೆ ಯೋಚಿಸಲಿ. ಮೊಬೈಲ್ ಜೇಬಿನಲ್ಲಿಟ್ಟು!