ಹುಡುಗ ಯಾರ ಕಡೆ?

ಎದುರುಮನೆಯ ಹುಡುಗಿಗೆ ಯಾವ ಊರಿನ ಸಂಬಂಧ ಕೂಡಿಬರುವುದು, ನಮ್ಮ ತಹಸೀಲ್ದಾರರಿಗೆ ಯಾವ ತಾಲೂಕಿಗೆ ವರ್ಗವಾಗುವುದು ಎಂಬ ಎರಡು ವಿಷಯಗಳಲ್ಲಿ ನಮ್ಮ ಜನರು ಮಾಡುವಷ್ಟು ಊಹೆಯನ್ನು ಜ್ಯೋತಿಷಿಗಳೂ ಮಾಡಲಾರರು. ಈಚಿನ ವರ್ಷಗಳಲ್ಲಿ ಇವೆರಡರ ಸಾಲಿಗೆ ಮೂರನೆಯದೊಂದು ಸೇರಿಕೊಂಡಿದೆ: ಆಟಗಾರನು ಯಾವ ತಂಡದ ಪಾಲಾಗುವನು?

2024ರ ದೀಪಾವಳಿಯ ಹೊತ್ತಿಗೆ ಲಖನೌ ತಂಡವು ಕೆ. ಎಲ್. ರಾಹುಲ್‌ನನ್ನು ತನ್ನಲ್ಲಿ ಉಳಿಸಿಕೊಳ್ಳಲಿಲ್ಲವೆಂಬ ಸುದ್ದಿ ಬಂದಾಗ, ಧಾರವಾಡದ ಕೆಲಗೇರಿ ಕೆರೆಯ ದಂಡೆಯ ಮೇಲೆ ಸಂಜೆ ಕಾಲಾಡಿಸುವವರ ಬಾಯಲ್ಲಿಯೂ ಅದೇ ಮಾತು.

"ಏನ್ರೀ, ಈ ಸಲ ರಾಹುಲ್ ನಮ್ಮ ಕಡೆ ಬರತಾನೋ ಇಲ್ಲೋ?"

"ಬರದ ಎಲ್ಲಿ ಹೋಗತಾನ್ರೀ? ನಮ್ಮ ಹುಡುಗ ಅಲ್ಲೇನು!"

ಊಹೆಗೆ ಆಧಾರವಿರಲಿಲ್ಲವೆಂದಲ್ಲ. ಹುಟ್ಟಿದ್ದು ಬೆಂಗಳೂರು, ಬೆಳೆದದ್ದು ಮಂಗಳೂರಿನ ಕಡೆ, ಸುರತ್ಕಲ್ಲಿನಲ್ಲಿ ಪ್ರಾಧ್ಯಾಪಕರಾಗಿದ್ದ ತಂದೆಯ ಮನೆಯಲ್ಲಿ. 2013ರಲ್ಲಿಯೂ 2016ರಲ್ಲಿಯೂ ಬೆಂಗಳೂರಿನ ಪರವಾಗಿಯೇ ಆಡಿದ್ದನು. ದೀಪಾವಳಿಗೆ ಎರಡು ತಿಂಗಳು ಮೊದಲು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನೆರೆದ ಜನ, ಆತನನ್ನು ಬೆಂಗಳೂರು ತಂಡದ ನಾಯಕನೆಂದೇ ಕೂಗಿ ಕರೆದಿದ್ದರು. ಇಷ್ಟಾದ ಮೇಲೆ ಇನ್ನೇನು ಬೇಕು?

ಬೇಕಾದುದು ಬೇರೆಯೇ ಇತ್ತು. ನವೆಂಬರ್ 24ರಂದು ಸೌದಿ ಅರೇಬಿಯದ ಜೆಡ್ಡಾ ನಗರದಲ್ಲಿ ಹರಾಜು ನಡೆಯಿತು. ಬೆಂಗಳೂರಿನವರು ಕೆಲದೂರ ಸವಾಲು ಕೂಗಿ ಸುಮ್ಮನಾದರು. 14 ಕೋಟಿ ರೂಪಾಯಿಗೆ ರಾಹುಲ್ ದೆಹಲಿಯ ಪಾಲಾದನು. ಮರುದಿನ ಹಲವರು ತಂಡದ ಒಡೆಯರನ್ನು ಬೈದರು. ಆದರೆ ಆತನನ್ನೇ ಬೈದವರೂ ಇದ್ದರು: "ಹಣ ಕಂಡ, ಅತ್ತ ಹೋದ!"

ವಾಚಕರೇ, ಇಲ್ಲಿಯೇ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಹರಾಜಿನ ಕಟ್ಟೆಯ ಮೇಲೆ ಆತನ ಇಷ್ಟವನ್ನು ಕೇಳುವವರು ಯಾರಿದ್ದರು? ತನ್ನ ಹೆಸರನ್ನು ಪಟ್ಟಿಗೆ ಕೊಡುವುದು, ಕನಿಷ್ಠ ಬೆಲೆಯನ್ನು ಬರೆಯುವುದು, ಇಷ್ಟೇ ಆಟಗಾರನ ಅಧಿಕಾರ. ಆಮೇಲೆ ಮಾತು ಚೀಲ ಹಿಡಿದವರದು. ಆ ವರ್ಷ ಪ್ರತಿಯೊಂದು ತಂಡದ ಚೀಲಕ್ಕೂ 120 ಕೋಟಿಯ ಕಟ್ಟು. ಯಾರ ಚೀಲದಲ್ಲಿ ಎಷ್ಟು ಉಳಿದಿದೆ, ಯಾರಿಗೆ ವಿಕೆಟ್ ಕೀಪರ್ ಬೇಕಾಗಿದ್ದಾನೆ ಎಂದು ಲೆಕ್ಕ ಹಾಕಿದವರ ಊಹೆಗೆ ಅರ್ಥವಿತ್ತು. ಹುಡುಗನ ಮನಸ್ಸು ಎತ್ತ ಇದೆಯೆಂದು ಲೆಕ್ಕ ಹಾಕಿದವರು ಮಾತ್ರ ಇಲ್ಲದ ಬಾವಿಗೆ ಹಗ್ಗ ಬಿಟ್ಟಂತಾಯಿತು.

ಮನಸ್ಸಿಗೇ ಬೆಲೆಯಿರುವ ಪದ್ಧತಿಯೂ ಜಗತ್ತಿನಲ್ಲಿ ಉಂಟು. ಅಮೆರಿಕದಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯನ್ನು ನೋಡಿರಿ. ಅಲ್ಲಿಯೂ ವೃತ್ತಿಪರ ತಂಡಗಳು ಹದಿಹರೆಯದ ಹುಡುಗರನ್ನು ಸರದಿಯ ಮೇಲೆ ಆರಿಸಿ ಹಕ್ಕು ಕಾದಿರಿಸುತ್ತವೆ. ಆದರೆ ಹುಡುಗನು ಕಾಲೇಜು ಸೇರಿ, ನಾಲ್ಕು ವರ್ಷ ಓದಿ, ಆಡಿ, ಆ ತಂಡಕ್ಕೆ ಸಹಿ ಹಾಕದೆ ಉಳಿದರೆ, ಒಂದು ದಿನ ಆ ಹಕ್ಕು ಕಳಚಿ ಬೀಳುತ್ತದೆ. ಆಮೇಲೆ ಆತನು ಸ್ವತಂತ್ರನು. ಹಾರ್ವರ್ಡ್ ವಿಶ್ವವಿದ್ಯಾಲಯದ ಜಿಮ್ಮಿ ವೇಸಿ ಎಂಬವನು ಹೀಗೆಯೇ ಮಾಡಿದನು. 2012ರಲ್ಲಿ ಆತನನ್ನು ಆರಿಸಿದ್ದು ನ್ಯಾಶ್‌ವಿಲ್ ತಂಡ. 2016ರಲ್ಲಿ ಕಾಲೇಜು ಹಾಕಿಯ ಅತ್ಯುನ್ನತ ಪ್ರಶಸ್ತಿಯನ್ನು ಗೆದ್ದ ಮೇಲೆಯೂ ಆತನು ಅವರಿಗೆ ಸಹಿ ಹಾಕಲಿಲ್ಲ. ಅವರು ತಮ್ಮ ಹಕ್ಕನ್ನು ಬಫಲೋ ತಂಡಕ್ಕೆ ದಾಟಿಸಿದರು, ಅವರಿಗೂ ಹಾಕಲಿಲ್ಲ. ಆಗಸ್ಟ್ 15ಕ್ಕೆ ಬಿಡುಗಡೆ.

ಆ ಬೇಸಿಗೆಯೆಲ್ಲ ಅಲ್ಲಿನ ಅಭಿಮಾನಿಗಳಿಗೆ ಊಹೆಯೇ ಊಟ. ಊರು ಬೋಸ್ಟನ್ನಿನ ಹತ್ತಿರ, ಆದುದರಿಂದ ಬೋಸ್ಟನ್ನಿಗೇ ಎಂದರು ಕೆಲವರು. ತಂದೆ ಟೊರಾಂಟೊ ತಂಡದ ನೌಕರಿಯಲ್ಲಿದ್ದಾನೆ, ತಮ್ಮನನ್ನೂ ಅವರೇ ಆರಿಸಿದ್ದಾರೆ, ಆದುದರಿಂದ ಟೊರಾಂಟೊಗೆ ಎಂದರು ಕೆಲವರು. ಹೊಸಬನ ಸಂಬಳಕ್ಕೆ ಅಲ್ಲಿ ನಿಯಮದ ಮಿತಿ ಇರುವುದರಿಂದ ಹಣದ ಆಸೆ ತೋರಿಸಿ ಒಬ್ಬರನ್ನೊಬ್ಬರು ಮೀರಿಸುವುದು ಕಷ್ಟ. ಉಳಿದದ್ದು ಊರು, ಮನೆ, ಸಂಗಡಿಗರು, ಆಡಲು ಸಿಗುವ ಅವಕಾಶ. ಕೊನೆಗೆ ಆಗಸ್ಟ್ 19ರಂದು ವೇಸಿ ಸಹಿ ಹಾಕಿದ್ದು ನ್ಯೂಯಾರ್ಕಿಗೆ! ಬೋಸ್ಟನ್ನಿನವರು ಮುನಿದುಕೊಂಡಿದ್ದರೆ ಆ ಮುನಿಸಿಗೆ ಕಾರಣವಿತ್ತು. ಆಯ್ಕೆ ಆತನದೇ ಆಗಿತ್ತಲ್ಲವೆ?

ನಮ್ಮಲ್ಲಿ ಇಂಥ ಬಾಗಿಲು ಎಂದೂ ತೆರೆದೇ ಇರಲಿಲ್ಲವೆ? ತೆರೆದಿತ್ತು, ಕೆಲವು ವರ್ಷಗಳ ಮಟ್ಟಿಗೆ. ರಾಷ್ಟ್ರೀಯ ತಂಡಕ್ಕೆ ಇನ್ನೂ ಆಡದ ಹುಡುಗರನ್ನು ಆಗ ಹರಾಜಿಗೆ ಇಡುತ್ತಿರಲಿಲ್ಲ. ಅವರು ತಂಡಗಳೊಡನೆ ನೇರವಾಗಿ ಕರಾರು ಮಾಡಿಕೊಳ್ಳುತ್ತಿದ್ದರು. ಸಂಬಳ ಮಾತ್ರ ಅನುಭವಕ್ಕೆ ತಕ್ಕಂತೆ 10 ಲಕ್ಷದಿಂದ 30 ಲಕ್ಷದೊಳಗೆ. ನಮ್ಮ ಮನೀಷ್ ಪಾಂಡೆಯು 2009ರ ಮೇ 21ರಂದು, ಇನ್ನೂ 19 ವರ್ಷದವನಿರುವಾಗ, ಬೆಂಗಳೂರಿನ ಪರವಾಗಿ ಅಜೇಯ 114 ಓಟ ಹೊಡೆದು, ಈ ಲೀಗಿನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯನೆನಿಸಿದ್ದನು. 2011ರಲ್ಲಿ ಇಂಥ ಹುಡುಗ ಸ್ವತಂತ್ರನಾಗಿ ನಿಂತಾಗ ಊಹೆಗಳಿಗೆ ಬರವಿರಲಿಲ್ಲ. ಆತನು ಸೇರಿದ್ದು ಪುಣೆಯನ್ನು. ಕರಾರಿನ ಮಾತುಕತೆಯಲ್ಲಿ ನಿಯಮ ಮೀರಿದನೆಂದು ಆಡಳಿತ ಮಂಡಳಿಯು ನಾಲ್ಕು ಪಂದ್ಯಗಳ ಮಟ್ಟಿಗೆ ಆತನನ್ನು ಹೊರಗಿಟ್ಟಿತು. 2014ರ ಹೊತ್ತಿಗೆ ಇಂಥ ಹುಡುಗರನ್ನೂ ಹರಾಜಿಗೆ ತಂದರು, ಬಾಗಿಲು ಮುಚ್ಚಿತು.

ಮುಚ್ಚಿದ್ದರಿಂದ ಲಾಭವೇ ಆಗಲಿಲ್ಲವೆನ್ನಲಾಗದು. ಹಣದ ಲೆಕ್ಕ ಬಯಲಿಗೆ ಬಂತು. ಎಲ್ಲ ತಂಡಗಳ ಚೀಲವೂ ಒಂದೇ ಅಳತೆಯದಾದುದರಿಂದ ಸಿರಿವಂತನೊಬ್ಬನೇ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳುವುದು ತಪ್ಪಿತು. ಬಡವರ ಮನೆಯ ಎಷ್ಟೋ ಹುಡುಗರು ಒಂದೇ ಮಧ್ಯಾಹ್ನದಲ್ಲಿ ತಂದೆತಾಯಿಗಳಿಗೆ ಮನೆ ಕಟ್ಟಿಸುವಷ್ಟು ಗಳಿಸಿದರು. ಅದರ ಬದಲಿಗೆ ತೆತ್ತದ್ದು, ಇಪ್ಪತ್ತರ ಹರೆಯದವನೊಬ್ಬನು "ನನಗೆ ಇಲ್ಲಿರುವ ಇಷ್ಟ" ಎಂದು ಹೇಳುವ ಹಕ್ಕನ್ನು. ಕೂಗಿದವರ ಕಡೆ ಹೋಗಲು ಸರಿಯಾದ ಕಾರಣವಿಲ್ಲದೆ ಒಲ್ಲೆನೆಂದವನಿಗೆ ಎರಡು ವರ್ಷ ನಿಷೇಧವೆಂಬ ನಿಯಮ 2024ರಲ್ಲಿ ಬಂದಿದೆ. ಇಂಗ್ಲೆಂಡಿನ ಹ್ಯಾರಿ ಬ್ರೂಕ್ ಮರುವರ್ಷವೇ ಅದನ್ನು ಅನುಭವಿಸಿದನು.

ದೊಡ್ಡವರಿಗೂ ಇದು ತಪ್ಪಲಿಲ್ಲ. 2008ರಲ್ಲಿ ರಾಹುಲ್ ದ್ರಾವಿಡ್‌ರನ್ನು ಬೆಂಗಳೂರಿನ ಕುರುಹು ಎಂದೇ ಹರಾಜಿನಿಂದ ಹೊರಗಿರಿಸಿ ತವರಿಗೆ ಕೊಟ್ಟಿದ್ದರು. 2011ರ ಜನವರಿಯಲ್ಲಿ ಅದೇ ಬೆಂಗಳೂರಿನಲ್ಲಿ ನಡೆದ ಹರಾಜಿನಲ್ಲಿ ಅವರನ್ನು 5 ಲಕ್ಷ ಡಾಲರಿಗೆ ಕೊಂಡದ್ದು ರಾಜಸ್ಥಾನ. ಅವರು ದೂರಲಿಲ್ಲ, ಗೊಣಗಲಿಲ್ಲ. ಹೋಗಿ ಆಡಿದರು, ನಾಯಕರಾದರು, ಅಲ್ಲಿನ ಹುಡುಗರನ್ನು ತಿದ್ದಿದರು.

ನಮ್ಮ ಹುಬ್ಬಳ್ಳಿಯ ತಂಡದಲ್ಲಿಯೂ ಇದೇ ಕಥೆ. 2023ರ ಮಹಾರಾಜ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಹುಬ್ಬಳ್ಳಿ ಟೈಗರ್ಸ್ ಮೈಸೂರನ್ನು 8 ಓಟಗಳಿಂದ ಸೋಲಿಸಿದಾಗ ನಾಯಕನಾಗಿದ್ದವನು ಅದೇ ಮನೀಷ್ ಪಾಂಡೆ. ಕೊನೆಯ ಓವರಿನಲ್ಲಿ ಗಡಿ ದಾಟುತ್ತಿದ್ದ ಚೆಂಡನ್ನು ಹಾರಿ ಒಳಗೆ ತಳ್ಳಿದ್ದೂ ಆತನೇ. ಅವಳಿ ನಗರದ ಹುಡುಗರು ಆತನನ್ನು ತಮ್ಮವನೆಂದುಕೊಂಡರು. 2025ರ ಹರಾಜಿನಲ್ಲಿ ಆತನನ್ನು ಕೊಂಡವರು ಮೈಸೂರಿನವರು, ಹುಬ್ಬಳ್ಳಿಗೆ 13.20 ಲಕ್ಷಕ್ಕೆ ದೇವದತ್ತ ಪಡಿಕ್ಕಲ್ ಬಂದನು. ಹಾಗೆಂದು ಪಾಂಡೆಯು ಹುಬ್ಬಳ್ಳಿಯನ್ನು ತೊರೆದನೆನ್ನಬಹುದೆ?

ಮನೆಯ ಮಕ್ಕಳು ಈ ಮಾತುಗಳನ್ನೆಲ್ಲ ಕೇಳಿಸಿಕೊಳ್ಳುತ್ತಿರುತ್ತಾರೆ. ಬ್ಯಾಟು ಹಿಡಿದು ಬೆಳಗಿನ ಐದಕ್ಕೆ ಮೈದಾನಕ್ಕೆ ಓಡುವ ಹುಡುಗನೂ ಅವರಲ್ಲಿದ್ದಾನೆ. ತನ್ನದಲ್ಲದ ತೀರ್ಮಾನಕ್ಕಾಗಿ ನಾಳೆ ತನ್ನನ್ನೂ ಊರವರು ಹೀಗೆಯೇ ಬೈಯುವರೆಂದು ಆತನು ಕಲಿಯುವುದು ಬೇಡ. ಊಹೆ ಮಾಡೋಣ, ಅದರಲ್ಲಿ ಸೊಗಸಿದೆ. ಆದರೆ ಹುಡುಗನನ್ನು ದೂರುವ ಮೊದಲು, ಆತನನ್ನು ಯಾರಾದರೂ ಕೇಳಿದ್ದರೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

2025ರ ಏಪ್ರಿಲ್ 10ರಂದು ದೆಹಲಿಯ ಅಂಗಿ ತೊಟ್ಟ ರಾಹುಲ್ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದನು. 53 ಚೆಂಡುಗಳಲ್ಲಿ ಅಜೇಯ 93 ಓಟ ಹೊಡೆದು ಬೆಂಗಳೂರನ್ನು ಸೋಲಿಸಿದನು. ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೊಂದು ವೃತ್ತವನ್ನೆಳೆದು, ಅದರ ನಡುವೆ ಬ್ಯಾಟನ್ನು ಊರಿ ನಿಂತನು: ಇದು ನನ್ನ ನೆಲ ಎಂಬಂತೆ. ಯಾವ ಹರಾಜಿನವರೂ ಆತನನ್ನು ಕೇಳದೆ ಬಿಟ್ಟಿದ್ದ ಪ್ರಶ್ನೆಗೆ ಆತನು ಕೊಟ್ಟ ಉತ್ತರವದು.