ಸುಮ್ಮನಿದ್ದರೆ ಸಮ್ಮತಿಯೇ?

ರಾತ್ರಿ ಹತ್ತೂವರೆಗೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಸಭಾಂಗಣದ ತಾರಸಿ ಸೋರುತ್ತಿದೆ, ಮಳೆಗಾಲಕ್ಕೆ ಮುಂಚೆ ದುರಸ್ತಿ ಆಗಬೇಕು, ಅದಕ್ಕೆ ಸಂಘದ ಒಂದು ಎಫ್‌ಡಿ ಮುರಿಸುತ್ತೇವೆ, ಒಪ್ಪಿಗೆ ಇದ್ದವರು ಥಂಬ್ಸ್ ಅಪ್ ಒತ್ತಿ. ನಾಳೆ ಮಧ್ಯಾಹ್ನದೊಳಗೆ ಉತ್ತರ ಬಾರದಿದ್ದರೆ ಸಮ್ಮತಿ ಇದೆ ಎಂದು ತಿಳಿಯಲಾಗುವುದು.

13 ಜನರ ಸಮಿತಿ. ಬೆಳಗಾಗುವಷ್ಟರಲ್ಲಿ 6 ಥಂಬ್ಸ್ ಅಪ್ ಬಿದ್ದವು. ಒಬ್ಬರು ‘ಎಷ್ಟು ಕೊಟೇಶನ್ ತರಿಸಿದ್ದೀರಿ?’ ಎಂದು ಕೇಳಿದರು. ಅದಕ್ಕೆ ಉತ್ತರ ಬರಲಿಲ್ಲ, ಅದರ ಕೆಳಗೆ ಯಾರದೋ ಶುಭೋದಯದ ಚಿತ್ರ ಬಂತು. ನಮ್ಮ ಹಿರಿಯ ಸದಸ್ಯರೊಬ್ಬರ ಹತ್ತಿರ ಇರುವುದು ಬಟನ್ ಫೋನು. ಅವರ ಸಮ್ಮತಿಯೂ ಲೆಕ್ಕಕ್ಕೆ ಬಂತು. ಸಂಜೆಗೆ ಎಫ್‌ಡಿ ಮುರಿದಿತ್ತು.

ತಾರಸಿ ಸೋರುವುದು ನಿಜ, ನನ್ನ ತಕರಾರು ದುರಸ್ತಿಗಲ್ಲ.

ಸಭೆ ನಡೆಸುವ ನಿಯಮಗಳಿಗೆ ಜಗತ್ತಿನ ಎಷ್ಟೋ ಸಂಸ್ಥೆಗಳು ನೋಡುವ ಪುಸ್ತಕ ‘ರಾಬರ್ಟ್ಸ್ ರೂಲ್ಸ್’. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ ಅದನ್ನು ಮೊದಲು ಪ್ರಕಟಿಸಿದ್ದು 1876ರಲ್ಲಿ. ಅದರ ಪ್ರಕಾರ ಮತ ಇರುವುದು ಸಭೆಯಲ್ಲಿ ಹಾಜರಿದ್ದವರಿಗೆ. ಅಂಚೆ ಅಥವಾ ಇಮೇಲ್ ಮತ ಬೇಕಿದ್ದರೆ ಸಂಸ್ಥೆಯ ಬೈಲಾದಲ್ಲಿ ಮೊದಲೇ ಬರೆದಿರಬೇಕು. ಸಭೆಗೆ ಬಂದವರ ಮತವನ್ನೂ ಅಂಚೆಯಲ್ಲಿ ಬಂದ ಮತವನ್ನೂ ಕೂಡಿಸಿ ಎಣಿಸಬೇಡಿ ಎಂದೂ ಅದು ಎಚ್ಚರಿಸುತ್ತದೆ. ಕಾರಣ ಸರಳ. ಕೂತು ಮಾತಾಡುವಾಗ ವಿಷಯವೇ ಬದಲಾಗುತ್ತದೆ. ‘ಈ ವರ್ಷ ಸೋರುವ ಮೂಲೆಗಷ್ಟೇ ವಾಟರ್‌ಪ್ರೂಫಿಂಗ್ ಮಾಡಿಸೋಣ’ ಎಂದು ಒಬ್ಬರು ತಿದ್ದುಪಡಿ ತಂದರೆ, ಮನೆಯಿಂದಲೇ ‘ಹೌದು’ ಎಂದು ಬರೆದು ಕಳಿಸಿದವರ ಮತ ಈಗ ಯಾವುದಕ್ಕೆ? ಥಂಬ್ಸ್ ಅಪ್‌ನಲ್ಲಿ ತಿದ್ದುಪಡಿಗೆ ಜಾಗವೇ ಇಲ್ಲ.

ಅಮೆರಿಕದ ಪುಸ್ತಕ ನಮಗೇಕೆ ಎನ್ನುವವರು ನಮ್ಮದೇ 2013ರ ಕಂಪನಿ ಕಾಯ್ದೆಯ 175ನೇ ಸೆಕ್ಷನ್ ನೋಡಬಹುದು. ನಮ್ಮಲ್ಲಿ ಎಷ್ಟೋ ಮಂದಿ ಹಗಲೆಲ್ಲ ಅದೇ ಕಾಯ್ದೆಯ ಕೆಳಗಿರುವ ಆಫೀಸುಗಳಲ್ಲಿ ದುಡಿಯುವವರು. ಸಭೆ ಸೇರದೆ ನಿರ್ಣಯ ಮಾಡಬೇಕಾದರೆ ಕರಡನ್ನು ಅಗತ್ಯ ಕಾಗದಪತ್ರಗಳ ಸಮೇತ ಎಲ್ಲ ನಿರ್ದೇಶಕರಿಗೂ ಕಳಿಸಬೇಕು. ಬಹುಮತ ಬೇಕಾದದ್ದು ಮತದ ಹಕ್ಕಿರುವ ಎಲ್ಲರಲ್ಲಿ, ಉತ್ತರ ಕೊಟ್ಟವರಲ್ಲಿ ಮಾತ್ರ ಅಲ್ಲ. ಮೂರನೇ ಒಂದು ಭಾಗದಷ್ಟು ಜನ ‘ಇದು ಸಭೆಯಲ್ಲೇ ಆಗಲಿ’ ಎಂದರೆ ಸಭೆಗೇ ತರಬೇಕು. ಮುಂದಿನ ಸಭೆಯ ನಡಾವಳಿಯಲ್ಲಿ ದಾಖಲಾಗಬೇಕು. ಸಾಲ ತೆಗೆಯುವುದು, ಕಂಪನಿಯ ಹಣ ಹೂಡುವುದು ಇಂಥವನ್ನು 179ನೇ ಸೆಕ್ಷನ್ ಮಂಡಳಿಯ ಸಭೆಗೇ ಬಿಟ್ಟಿದೆ. ಈ ಲೆಕ್ಕದಲ್ಲಿ ನಮಗೆ 7 ಮತ ಬೇಕಿತ್ತು, ಇದ್ದದ್ದು 6. ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಹಳೇ ಕಾಲದ ಹೆಣ್ಣು ನೋಡುವ ಶಾಸ್ತ್ರಕ್ಕೆ ಸರಿ, ಠೇವಣಿಗಲ್ಲ.

ಕಂಪನಿ ಕಾಯ್ದೆ ಸಂಘಗಳಿಗೆ ಅನ್ವಯಿಸುವುದಿಲ್ಲ, ಗೊತ್ತು. ಪುಣೆಯ ಟ್ರಾಫಿಕ್‌ನಲ್ಲಿ ಹಿಂಜೆವಾಡಿಯಿಂದ ಕೆಲಸ ಮುಗಿಸಿ ಸಭೆಗೆ ಬರುವ ಕಷ್ಟವೂ ಗೊತ್ತು. ಕೋರಂ ಆಗದೆ ಎದ್ದುಹೋದ ಸಭೆಗಳಲ್ಲಿ ನಾನೂ ಕೂತಿದ್ದೇನೆ. ಹಾಗಾಗಿ ಇಮೇಲ್ ಮತ ಬೇಡ ಎನ್ನುವವನಲ್ಲ ನಾನು. ಬೈಲಾದಲ್ಲಿ ಬರೆದು ಮಾಡಿ ಎನ್ನುತ್ತೇನೆ: ಎಷ್ಟು ದಿನ ಕಾಲಾವಕಾಶ, ಎಷ್ಟು ರೂಪಾಯಿವರೆಗೆ, ಎಷ್ಟು ಜನ ಕೇಳಿದರೆ ಸಭೆ. ಫೋನಿಲ್ಲದವರ ಮನೆಗೆ ಕಾಗದ ಹೋಗಲಿ.

ಈ ತಿದ್ದುಪಡಿಯನ್ನು ಬರುವ ವಾರ್ಷಿಕ ಸಭೆಯ ಕಾರ್ಯಸೂಚಿಗೆ ಸೇರಿಸಿ ಎಂದು ಕಾರ್ಯದರ್ಶಿಗಳಿಗೆ ಪತ್ರ ಕೊಟ್ಟಿದ್ದೇನೆ. ಎಫ್‌ಡಿ ಮುರಿಸಿದ ನಿರ್ಧಾರವನ್ನೂ ಮುಂದಿನ ಸಮಿತಿ ಸಭೆಯಲ್ಲಿ ಕೊಟೇಶನ್ ಸಮೇತ ಮಂಡಿಸಿ ಒಪ್ಪಿಗೆ ಪಡೆಯಿರಿ ಎಂದು ಕೇಳಿದ್ದೇನೆ. ಅಷ್ಟರಲ್ಲಿ ತಾರಸಿಯ ಕೆಲಸ ಮುಗಿದೇ ಹೋಗಿರಬಹುದು. ಆದರೂ ಆ ಹಿರಿಯರು ಒಮ್ಮೆ ಕೈ ಎತ್ತಲಿ, ಅಥವಾ ಎತ್ತದಿರಲಿ.